ಹಾಲಿಲ್ಲದ ಚೌಡರ್ ಕೈಕೊಟ್ಟಾಗ: ದೋಷ ಹುಡುಕುವ ಬಗೆ

ಓದಲೆಂದು ಅಮೆರಿಕಕ್ಕೆ ಹೋದ ಅಣ್ಣನ ಮಗಳು ಅಲ್ಲಿಯೇ ವೀಗನ್ ಆದಳು. ಆ ವರ್ಷ ಡಿಸೆಂಬರ್ ರಜೆಗೆ ಧಾರವಾಡಕ್ಕೆ ಬಂದಾಗ ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದನ್ನೂ ಮುಟ್ಟಲಿಲ್ಲ. ಪೇಢೆಯ ಊರಿನಲ್ಲಿ ಬೆಳೆದ ಹುಡುಗಿ ಪೇಢೆಯ ಪೊಟ್ಟಣವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ್ದು ಕಂಡು ನನಗೆ ಕರುಳು ಚುರುಕ್ಕೆಂದಿತು. "ಅತ್ತೆ, ಚಳಿ ಬಿದ್ದಿದೆ, ತರಕಾರಿ ಚೌಡರ್ ಮಾಡೋಣ" ಎಂದಳು. ಚೌಡರ್ ಎಂದರೆ ದಪ್ಪ ಹೋಳುಗಳಿರುವ, ಹಾಲು ಹಾಕಿ ಮಾಡುವ ಮಂದ ಸೂಪು. ಮೊದಲ ದಿನ ಸೋಯಾ ಹಾಲು ಒಡೆದು ಚೂರುಚೂರಾಗಿ ತೇಲಿತು. ಎರಡನೆಯ ದಿನ ಆಲೂಗಡ್ಡೆ ಅಂಟಾಗಿ, ಸೌಟು ಎತ್ತಿದರೆ ಎಳೆ ಬಂತು. ಮೂರನೆಯ ದಿನ ನೋಡಲು ಚೆಂದವಿತ್ತು, ಬಾಯಿಗಿಟ್ಟರೆ ಬರೀ ಸಪ್ಪೆ. ನಾಲ್ಕನೆಯ ದಿನ ಮನೆಯವರೆಲ್ಲ ಎರಡೆರಡು ಬಾರಿ ಬಡಿಸಿಕೊಂಡರು.

ಆ ನಾಲ್ಕು ದಿನಗಳಲ್ಲೂ, ಆಮೇಲಿನ ಚಳಿಗಾಲಗಳಲ್ಲೂ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಪಾತ್ರೆ ಒಲೆಯ ಮೇಲಿರುವಾಗಲೇ ಓದಿ ಸರಿಪಡಿಸಿಕೊಳ್ಳಲು ಅನುಕೂಲವಾಗಲೆಂದು, ಕಣ್ಣಿಗೆ ಕಾಣುವ ಲಕ್ಷಣದಿಂದ ಶುರುಮಾಡಿ ಕಾರಣದ ಕಡೆಗೆ ಹೋಗಿದ್ದೇನೆ.

ಹಾಲು ಮಾಡುತ್ತಿದ್ದ ಮೂರು ಕೆಲಸ

ಚೌಡರ್ ಅಮೆರಿಕದ ಈಶಾನ್ಯ ಕರಾವಳಿಯ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ ಹೆಸರು ಮಾಡಿದ ಅಡುಗೆ. ಮೀನು ಅಥವಾ ಚಿಪ್ಪಿನ ಮಾಂಸ, ಉಪ್ಪು ಹಾಕಿಟ್ಟ ಹಂದಿಮಾಂಸ, ಈರುಳ್ಳಿ, ಹಡಗಿನಲ್ಲಿ ಒಯ್ಯುವ ಗಟ್ಟಿ ಬಿಸ್ಕತ್ತು, ಇವನ್ನೆಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಿದ್ದರು. ಆಲೂಗಡ್ಡೆಯೂ ಹಾಲೂ ಸೇರಿಕೊಂಡದ್ದು ಆಮೇಲೆ. ಕಡಾಯಿ ಎಂಬ ಅರ್ಥದ ಫ್ರೆಂಚ್ ಪದದಿಂದ ಈ ಹೆಸರು ಬಂದಿರಬೇಕು ಎನ್ನುವವರು ಹೆಚ್ಚು. ತಿಳಿ ಸಾರಿಗಿಂತ ಮಂದ, ಪಲ್ಯಕ್ಕಿಂತ ತೆಳು. ದಪ್ಪ ಹೋಳುಗಳು ಬಿಳಿಯ ರಸದಲ್ಲಿ ಅರ್ಧ ಮುಳುಗಿ ಅರ್ಧ ಕಾಣುವಂತಿದ್ದರೆ ಅದು ಚೌಡರ್.

ಈ ಪಾತ್ರೆಯಲ್ಲಿ ಹಾಲು ಮತ್ತು ಕೆನೆ ಮೂರು ಕೆಲಸ ಮಾಡುತ್ತವೆ. ರಸಕ್ಕೆ ಮೈ ಕೊಡುತ್ತವೆ. ಜಿಡ್ಡು ಕೊಡುತ್ತವೆ; ಪರಿಮಳ ನಾಲಿಗೆಯ ಮೇಲೆ ನಿಲ್ಲುವುದು ಆ ಜಿಡ್ಡಿನಿಂದ. ಮೂರನೆಯದಾಗಿ, ಉಪ್ಪು, ಹುಳಿ, ಖಾರಗಳ ಮೊನೆ ಮುರಿದು ಎಲ್ಲವನ್ನೂ ಸೌಮ್ಯಗೊಳಿಸುತ್ತವೆ. ಹಾಲನ್ನು ತೆಗೆದ ಕೂಡಲೇ ಈ ಮೂರು ಕೆಲಸಗಳಿಗೂ ಆಳಿಲ್ಲದಂತಾಗುತ್ತದೆ. ನಾವು ಸಾಮಾನ್ಯವಾಗಿ ಒಂದು ಕೆಲಸಕ್ಕೆ ಮಾತ್ರ ಆಳು ಹುಡುಕುತ್ತೇವೆ. ತೆಳುವಾಯಿತೆಂದು ಕಾರ್ನ್‌ಫ್ಲೋರ್ ಕಲಸಿ ಸುರಿಯುತ್ತೇವೆ; ಮೈ ಬರುತ್ತದೆ, ಜಿಡ್ಡು ಬರುವುದಿಲ್ಲ, ಬಾಯಿಗೆ ಗಂಜಿ ಕುಡಿದಂತಾಗುತ್ತದೆ. ನನ್ನ ಹತ್ತಿರ ಬರುವ ಹತ್ತು ದೂರುಗಳಲ್ಲಿ ಏಳೆಂಟರ ಮೂಲ ಇದೇ. ಆದ್ದರಿಂದ ಏನನ್ನಾದರೂ ಸೇರಿಸುವ ಮೊದಲು, ಈ ಮೂರರಲ್ಲಿ ಯಾವ ಕೆಲಸ ಬಾಕಿ ಉಳಿದಿದೆ ಎಂದು ನೋಡಿ.

ಹೋಲಿಸಿ ನೋಡಲು ನನ್ನ ಅಳತೆ ಕೊಡುತ್ತೇನೆ. ನಾಲ್ಕು ಜನಕ್ಕೆ ಆಲೂಗಡ್ಡೆ 400 ಗ್ರಾಂ, ಮಧ್ಯಮ ಗಾತ್ರದ ಈರುಳ್ಳಿ 2, ಗಜ್ಜರಿ 2, ಎಳೆಯ ಗೋವಿನಜೋಳದ ತೆನೆ 2, ಹೂಕೋಸು ಒಂದು ಹಿಡಿ, ಹಸಿ ಬಟಾಣಿ ಒಂದು ಹಿಡಿ, ಬೆಳ್ಳುಳ್ಳಿ 4 ಎಸಳು, ಎಣ್ಣೆ 2 ದೊಡ್ಡ ಚಮಚ, ನೀರು 900 ಮಿಲಿಲೀಟರ್. ಹಾಲಿನ ಬದಲಿಗೆ 60 ಗ್ರಾಂ ಗೋಡಂಬಿ ನೆನೆಸಿ, 200 ಮಿಲಿಲೀಟರ್ ನೀರಿನಲ್ಲಿ ರುಬ್ಬಿದ್ದು. ಉಪ್ಪು, ಕಾಳುಮೆಣಸು, ಒಂದು ತಮಾಲಪತ್ರೆ. ಕಾಳು ಬಿಡಿಸಿದ ತೆನೆಯ ದಿಂಡುಗಳನ್ನು ಎಸೆಯಬೇಡಿ. ಅವನ್ನು ಆ 900 ಮಿಲಿಲೀಟರ್ ನೀರಿನಲ್ಲೇ 20 ನಿಮಿಷ ಕುದಿಸಿದರೆ ಸಿಹಿಯಾದ, ಘಮವಿರುವ ನೀರು ಸಿಗುತ್ತದೆ. ಅಂಗಡಿಯ ಸೂಪ್ ಪುಡಿಯ ಹಂಗೇ ಬೇಡ.

ಮೊದಲು ಒಂದು ಚಮಚ ತಟ್ಟೆಗೆ

ಪಾತ್ರೆಯೊಳಗೆ ನೋಡಿ ದೋಷ ಗುರುತಿಸುವುದು ಕಷ್ಟ. ಹಬೆಯೂ ಹೋಳುಗಳೂ ಅಡ್ಡ ಬರುತ್ತವೆ. ಸ್ಟೀಲ್ ತಟ್ಟೆಯ ಮೇಲೆ ಒಂದು ಚಮಚ ರಸ ಹಾಕಿ, ಅರ್ಧ ನಿಮಿಷ ಬಿಟ್ಟು ತಟ್ಟೆಯನ್ನು ಓರೆ ಮಾಡಿ. ತಿಳಿನೀರು ಮುಂದೆ ಓಡಿ ಗಟ್ಟಿಯಾದದ್ದು ಹಿಂದೆ ಉಳಿದರೆ ಅದು ಒಡೆದಿದೆ, ಇಲ್ಲವೇ ಹಿಟ್ಟು ಬೆಂದಿಲ್ಲ. ಎಲ್ಲವೂ ಒಟ್ಟಿಗೆ ನೀರಿನಂತೆ ಓಡಿದರೆ ತೆಳು. ಜಾರದೆ ಎಳೆಯೆಳೆಯಾಗಿ ಹಿಡಿದುಕೊಂಡರೆ ಅಂಟು. ಬೆರಳಿನಿಂದ ಸವರಿದಾಗ ಮರಳು ಸಿಕ್ಕರೆ ಗೋಡಂಬಿ ನುಣ್ಣಗಾಗಿಲ್ಲ. ಸರಿಯಿದ್ದರೆ ರಸ ನಿಧಾನವಾಗಿ, ಒಂದೇ ಅಂಚಿನಲ್ಲಿ ಜಾರಿ, ಹಿಂದೆ ತೆಳ್ಳಗಿನ ಬಿಳಿಯ ಪರೆ ಬಿಡುತ್ತದೆ.

ಒಡೆದು ಚೂರಾಗಿದ್ದರೆ

ಹೆಚ್ಚು ಗಾಬರಿ ಹುಟ್ಟಿಸುವ ದೋಷ ಇದು, ಅದಕ್ಕೇ ಮೊದಲು ಹೇಳುತ್ತೇನೆ. ಯಾವ ಹಾಲು ಹಾಕಿದ್ದೀರಿ ಎಂಬುದರ ಮೇಲೆ ಕಾರಣ ನಿಂತಿದೆ.

ಸೋಯಾ ಹಾಲು ಒಡೆಯುವುದಕ್ಕೆ ಬೇಕಾದದ್ದು ಬಿಸಿ, ಜೊತೆಗೆ ಹುಳಿ ಅಥವಾ ಸುಣ್ಣದ ಅಂಶ. ಸೋಯಾ ಹಾಲಿನಿಂದ ಟೋಫು ಮಾಡುವ ವಿಧಾನವೇ ಇದು: ಬಿಸಿ ಹಾಲಿಗೆ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಲವಣ ಇಲ್ಲವೇ ಹುಳಿ ಹಾಕಿ ಅದರ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತಾರೆ. ನಾವು ಟೊಮೆಟೊ ಹಾಕಿ, ಗಡಸು ನೀರು ಹಾಕಿ, ಕುದಿಯುತ್ತಿರುವಾಗಲೇ ಸೋಯಾ ಹಾಲು ಸುರಿದರೆ ತಿಳಿಯದೆ ಟೋಫು ಮಾಡಿದಂತೆ. ನಮ್ಮ ಮೊದಲ ದಿನದ ಪಾತ್ರೆಯಲ್ಲಿ ಆದದ್ದೂ ಅದೇ. ನಾನು ಎರಡು ಟೊಮೆಟೊ ಹಾಕಿದ್ದೆ, ನಲ್ಲಿ ನೀರು ಬಂದಿರಲಿಲ್ಲವಾದ್ದರಿಂದ ಬೋರ್‌ವೆಲ್ ನೀರು ಬಳಸಿದ್ದೆ, ಒಲೆ ಜೋರಾಗಿತ್ತು. ಫ್ರಿಜ್ಜಿನಿಂದ ತೆಗೆದ ಹಾಲು ಬೀಳುತ್ತಲೇ ಮೊದಲು ಅಂಚಿನಲ್ಲಿ ರವೆಯಷ್ಟು ಸಣ್ಣ ಬಿಳಿ ಕಾಳು ಕಂಡವು. ಸೌಟು ಆಡಿಸುವಷ್ಟರಲ್ಲಿ ಅವು ಒಂದಕ್ಕೊಂದು ಅಂಟಿ ಪನ್ನೀರಿನ ಚೂರಿನಂತಾದವು, ಕೆಳಗೆ ಹಳದಿ ನೀರು ನಿಂತಿತು.

ಒಡೆದ ಸೋಯಾ ಹಾಲು ಮತ್ತೆ ಹಾಲಾಗುವುದಿಲ್ಲ. ಆದರೆ ಪಾತ್ರೆ ಚೆಲ್ಲಬೇಕಾಗಿಲ್ಲ. ಹೋಳುಗಳನ್ನು ಜರಡಿಯಲ್ಲಿ ಸೋಸಿ ಬೇರೆ ಇಡಿ. ರಸ ಮಾತ್ರ ಪೂರ್ತಿ ಆರಿದ ಮೇಲೆ ನೆನೆಸಿದ ಏಳೆಂಟು ಗೋಡಂಬಿಯೊಡನೆ ಮಿಕ್ಸರಿನಲ್ಲಿ ತಿರುಗಿಸಿ, ಮತ್ತೆ ಹೋಳುಗಳ ಮೇಲೆ ಸುರಿದು ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಬಿಸಿ ರಸವನ್ನು ಮುಚ್ಚಿದ ಮಿಕ್ಸರ್ ಪಾತ್ರೆಯಲ್ಲಿ ತಿರುಗಿಸಲೇಬೇಡಿ. ಹಬೆಯ ಒತ್ತಡಕ್ಕೆ ಮುಚ್ಚಳ ಸಿಡಿದು ಕೈ ಸುಡುತ್ತದೆ. ಮುಂದಿನ ಬಾರಿ ಟೊಮೆಟೊ ಬಿಡಿ, ನಿಂಬೆರಸವನ್ನು ಬಡಿಸಿದ ಮೇಲೆ ಬಟ್ಟಲಿಗೆ ಹಿಂಡಿ. ಹಾಲಿಗೆ ಮೊದಲು ಎರಡು ಸೌಟು ಬಿಸಿ ರಸ ಬೆರೆಸಿ ಹದವಾಗಿ ಬೆಚ್ಚಗೆ ಮಾಡಿಕೊಂಡು, ಒಲೆ ಆರಿಸಿದ ನಂತರ ಪಾತ್ರೆಗೆ ಸೇರಿಸಿ.

ತೆಂಗಿನ ಹಾಲು ಒಡೆಯುವ ಬಗೆ ಬೇರೆ. ಅದರಲ್ಲಿ ಎಣ್ಣೆಯ ಸಣ್ಣ ಹನಿಗಳು ನೀರಿನಲ್ಲಿ ಹರಡಿಕೊಂಡಿರುತ್ತವೆ. ಬಹಳ ಹೊತ್ತು ಕುದಿಸಿದರೆ ಆ ಹನಿಗಳು ಒಂದಾಗಿ ಮೇಲೆ ತೇಲುತ್ತವೆ. ಕರಾವಳಿಯ ಎಷ್ಟೋ ಪದಾರ್ಥಗಳಿಗೆ ಅದು ಲಕ್ಷಣ, ಚೌಡರಿಗೆ ಅದು ದೋಷ. ಒಂದು ಚಮಚ ಅಕ್ಕಿ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಹಾಕಿ, ಕಡಗೋಲಿನಿಂದ ರಭಸವಾಗಿ ಕಡೆದು ಎರಡು ಕುದಿ ಬರಿಸಿದರೆ ಬಹಳಮಟ್ಟಿಗೆ ಕೂಡಿಕೊಳ್ಳುತ್ತದೆ. ಗೋಡಂಬಿಯ ಹಾಲು ಇವೆರಡರಷ್ಟು ಸುಲಭವಾಗಿ ಒಡೆಯುವುದಿಲ್ಲ. ಹೊಸಬರಿಗೆ ನಾನು ಅದನ್ನೇ ಹೇಳುವುದು ಅದಕ್ಕಾಗಿ.

ಎಷ್ಟು ಬೇಯಿಸಿದರೂ ಆಲೂಗಡ್ಡೆ ಗಟ್ಟಿಯಾಗಿದ್ದರೆ

ನವನಗರದ ಗೆಳತಿಯೊಬ್ಬರು ಒಂದು ಸಂಜೆ ಫೋನ್ ಮಾಡಿದರು. "ವೈನಿ, ಮುಕ್ಕಾಲು ಗಂಟೆಯಿಂದ ಕುದಿಯುತ್ತಿದೆ, ಆಲೂಗಡ್ಡೆ ಇನ್ನೂ ಹಲ್ಲಿಗೆ ಕಟಕ್ ಎನ್ನುತ್ತದೆ. ಆಲೂಗಡ್ಡೆಯೇ ಕೆಟ್ಟದ್ದಿರಬೇಕು." ನಾನು ಕೇಳಿದ್ದು ಒಂದೇ ಮಾತು: "ನಿಮ್ಮ ಮನೆಯಲ್ಲಿ ತೊಗರಿಬೇಳೆ ಎಷ್ಟು ಸೀಟಿಗೆ ಬೇಯುತ್ತದೆ?" ಬೋರ್‌ವೆಲ್ ನೀರಿನಲ್ಲಾದರೆ ಏಳೆಂಟು ಸೀಟಿ, ನಲ್ಲಿ ನೀರಿನಲ್ಲಾದರೆ ಮೂರು ಎಂದರು. ಉತ್ತರ ಅಲ್ಲಿಯೇ ಇತ್ತು.

ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಬರುವುದು ಮುಖ್ಯವಾಗಿ ಮಲಪ್ರಭೆಯಿಂದ, ಸವದತ್ತಿ ಬಳಿಯ ನವಿಲುತೀರ್ಥದ ಜಲಾಶಯದಿಂದ. ನಲ್ಲಿ ಬಾರದ ದಿನಗಳಲ್ಲಿ ಅನೇಕ ಮನೆಗಳು ಬೋರ್‌ವೆಲ್ ನೀರನ್ನೇ ನೆಚ್ಚಿಕೊಂಡಿವೆ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ತರಕಾರಿಯ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಎಂಬ ಅಂಟಿಗೆ ಕಟ್ಟು ಹಾಕಿದಂತೆ ಗಟ್ಟಿ ಮಾಡುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ, ಸಾಬೂನು ನೊರೆ ಕೊಡದಿದ್ದರೆ, ನಿಮ್ಮ ನೀರು ಗಡಸು ಎಂದು ತಿಳಿಯಿರಿ. ಚೌಡರಿಗೆ ನಲ್ಲಿ ನೀರು ಅಥವಾ ಶುದ್ಧೀಕರಿಸಿದ ನೀರನ್ನು ಎತ್ತಿಡಿ; ಒಂದು ಲೀಟರ್ ಸಾಕಲ್ಲವೇ. ಅಡುಗೆ ಸೋಡಾ ಚಿಟಿಕೆ ಹಾಕುವವರಿದ್ದಾರೆ. ಬೇಳೆಗೆ ಅದು ನಡೆದೀತು. ಇಲ್ಲಿ ಆಲೂಗಡ್ಡೆಯ ಹೊರಮೈ ಕರಗಿ ರಸಕ್ಕೆ ಸಾಬೂನಿನ ರುಚಿ ಬರುತ್ತದೆ, ನಾನು ಒಪ್ಪುವುದಿಲ್ಲ.

ನೀರು ಮೆತ್ತಗಿನದೇ ಆಗಿದ್ದರೆ ಹುಳಿಯನ್ನು ಅನುಮಾನಿಸಿ. ಟೊಮೆಟೊ, ನಿಂಬೆ, ಆಮಚೂರ ಯಾವುದಾದರೂ ಆಲೂಗಡ್ಡೆ ಬೇಯುವ ಮೊದಲೇ ಬಿದ್ದಿದ್ದರೆ ಪೆಕ್ಟಿನ್ ಕರಗುವುದು ತಡವಾಗುತ್ತದೆ. ಮೂರನೆಯ ಕಾರಣ ಅಪರೂಪದ್ದು: ದೊಡ್ಡ ಪಾತ್ರೆ, ತೀರ ಸಣ್ಣ ಉರಿ. ಆಲೂಗಡ್ಡೆ 55ರಿಂದ 60 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಕುಳಿತರೆ ಅದರೊಳಗಿನ ಕಿಣ್ವವೊಂದು ಎಚ್ಚತ್ತು ಹೋಳನ್ನು ಗಟ್ಟಿ ಮಾಡುತ್ತದೆ, ಆಮೇಲೆ ಕುದಿಸಿದರೂ ಅದು ಸುಲಭವಾಗಿ ಮೆತ್ತಗಾಗುವುದಿಲ್ಲ. ಆದ್ದರಿಂದ ಮೊದಲು ಕುದಿ ಬರಿಸಿ, ನಂತರ ಉರಿ ಇಳಿಸಿ.

ಎಳೆ ಬರುವ ಅಂಟು

ಬೆಂದ ಆಲೂಗಡ್ಡೆಯನ್ನು ಮಿಕ್ಸರಿಗೆ ಹಾಕಿದ್ದೀರಿ. ನೂರಕ್ಕೆ ನೂರು ಅದೇ ಕಾರಣ. ಆಲೂಗಡ್ಡೆ ಬೆಂದಾಗ ಒಳಗಿನ ಪಿಷ್ಟ ನೀರು ಕುಡಿದು ಉಬ್ಬಿ ಕೋಶದೊಳಗೆ ತುಂಬಿಕೊಂಡಿರುತ್ತದೆ. ಮಿಕ್ಸರಿನ ಅಲಗು ಆ ಕೋಶಗಳನ್ನು ಸೀಳಿ ಪಿಷ್ಟವನ್ನೆಲ್ಲ ಹೊರಗೆ ಚೆಲ್ಲುತ್ತದೆ. ರಸ ಬಟ್ಟೆಗೆ ಹಾಕುವ ಗಂಜಿಯಂತಾಗುತ್ತದೆ. ಇದನ್ನು ಹಿಂದಕ್ಕೆ ತಿರುಗಿಸಲು ಬರುವುದಿಲ್ಲ, ಹಗುರಗೊಳಿಸಬಹುದಷ್ಟೆ: ಒಂದು ಬಟ್ಟಲು ಬಿಸಿ ನೀರು ಬೆರೆಸಿ, ಬೇರೆಯಾಗಿ ಬೇಯಿಸಿದ ಗಜ್ಜರಿ, ಹೂಕೋಸು, ಬಟಾಣಿ ಹೆಚ್ಚಿಗೆ ಸೇರಿಸಿ, ಉಪ್ಪು ಸರಿಮಾಡಿ.

ಕಡಗೋಲು ಇರುವ ಮನೆಗೆ ಈ ತೊಂದರೆ ಬರಬೇಕಾಗಿಲ್ಲ. ಬೆಂದ ಹೋಳುಗಳಲ್ಲಿ ಮೂರನೆಯ ಒಂದು ಪಾಲನ್ನು ಪಾತ್ರೆಯ ಗೋಡೆಗೆ ಒತ್ತಿ ಕಡಗೋಲಿನಿಂದ ಐದಾರು ಬಾರಿ ತಿರುವಿ, ನಿಲ್ಲಿಸಿ. ಮಜ್ಜಿಗೆ ಕಡೆದಂತೆ ಕಡೆಯಬಾರದು. ಕೋಶಗಳು ಒಂದರಿಂದೊಂದು ಬಿಡುತ್ತವೆ, ಒಡೆಯುವುದಿಲ್ಲ. ರಸ ಮಂದವಾಗಿಯೂ ಹಗುರವಾಗಿಯೂ ಇರುತ್ತದೆ.

ನೀರಿನಂತೆ ತೆಳುವಾಗಿದ್ದರೆ

ಇಲ್ಲಿ ಆಲೂಗಡ್ಡೆಯ ಜಾತಿ ನೋಡಬೇಕು. ಹಿಟ್ಟು ಹೆಚ್ಚಿರುವ ಗಡ್ಡೆ ಬೆಂದಾಗ ಅಂಚು ಉದುರಿ ರಸವನ್ನು ತಾನೇ ಮಂದಗೊಳಿಸುತ್ತದೆ. ಮೇಣದಂಥ ಗಡ್ಡೆ ಹೋಳಾಗಿಯೇ ಉಳಿದು ರಸವನ್ನು ತೆಳುವಾಗಿ ಬಿಡುತ್ತದೆ. ಸಂತೆಯಲ್ಲಿ ಎರಡೂ ಒಂದೇ ಬುಟ್ಟಿಯಲ್ಲಿ ಬೆರೆತಿರುತ್ತವೆ, ನೋಡಿದರೆ ತಿಳಿಯುವುದಿಲ್ಲ. ಒಂದು ಪರೀಕ್ಷೆ ಇದೆ: 1 ಬಟ್ಟಲು ಉಪ್ಪನ್ನು 11 ಬಟ್ಟಲು ನೀರಿನಲ್ಲಿ ಕರಗಿಸಿ ಗಡ್ಡೆಗಳನ್ನು ಬಿಡಿ. ಹಿಟ್ಟಿನ ಗಡ್ಡೆ ಭಾರವಾದ್ದರಿಂದ ಮುಳುಗುತ್ತದೆ, ಮೇಣದ ಗಡ್ಡೆ ತೇಲುತ್ತದೆ. ಮಕ್ಕಳಿಗೆ ಈ ಪರೀಕ್ಷೆ ಬಹಳ ಇಷ್ಟ, ನಮ್ಮ ಮನೆಯಲ್ಲಿ ಅದು ಅವರ ಪಾಲಿನ ಕೆಲಸ. ನಾನು ಎರಡನ್ನೂ ಅರ್ಧರ್ಧ ಹಾಕುತ್ತೇನೆ, ಒಂದು ರಸಕ್ಕೆ, ಒಂದು ಹೋಳಿಗೆ.

ಈಗಾಗಲೇ ತೆಳುವಾಗಿರುವ ಪಾತ್ರೆಗೆ ನನ್ನ ಮೊದಲ ಮದ್ದು ಖಡಕ್ ರೊಟ್ಟಿ. ಒಂದು ರೊಟ್ಟಿಯನ್ನು ಪುಡಿಗೈದು ಹಾಕಿ ಐದು ನಿಮಿಷ ಸಣ್ಣ ಕುದಿಯಲ್ಲಿಡಿ. ಹಡಗಿನ ಒಣ ಬಿಸ್ಕತ್ತು ಹಳೆಯ ಚೌಡರಿನಲ್ಲಿ ಮಾಡುತ್ತಿದ್ದ ಕೆಲಸವನ್ನು ನಮ್ಮ ಜೋಳದ ರೊಟ್ಟಿ ಚಾಚೂ ತಪ್ಪದೆ ಮಾಡುತ್ತದೆ; ಎರಡೂ ತಿಂಗಳುಗಟ್ಟಲೆ ಕೆಡದಂತೆ ಒಣಗಿಸಿಟ್ಟ ತಿನಿಸುಗಳೇ. ಇದನ್ನು ಕಂಡುಕೊಂಡ ದಿನ ನನಗೆ ಬಹಳ ಸಂತೋಷವಾಯಿತು.

ಎರಡನೆಯ ಮದ್ದು ಹಸಿ ತೆನೆ. ಹಾವೇರಿ ಕಡೆಯ ಹೊಲಗಳಲ್ಲಿ ಬೆಳೆಯುವ ಗೋವಿನಜೋಳದ ಹಾಲುಗಾಳಿನ ತೆನೆ ಸಿಕ್ಕರೆ ಅದನ್ನು ತುರಿಮಣೆಯಲ್ಲಿ ತುರಿದು ಬರುವ ರಸವನ್ನು ಪಾತ್ರೆಗೆ ಸೇರಿಸಿ. ಅದರಲ್ಲಿರುವ ಪಿಷ್ಟ ಬಿಸಿಗೆ ಉಬ್ಬಿ ಎರಡು ನಿಮಿಷದಲ್ಲಿ ರಸ ಮಂದವಾಗುತ್ತದೆ, ರುಚಿಯೂ ಕೂಡುತ್ತದೆ. ಕಾರ್ನ್‌ಫ್ಲೋರ್ ಕೊನೆಯ ದಾರಿ. ಹಾಕುವುದಾದರೆ ಒಂದೇ ಚಮಚ. ಹುಳಿ ಇರುವಲ್ಲಿ, ಬಹಳ ಹೊತ್ತು ಕುದಿಸಿದಲ್ಲಿ ಅದು ಮತ್ತೆ ಸಡಿಲವಾಗುತ್ತದೆ ಎಂಬುದನ್ನೂ ನೆನಪಿಡಿ.

ಗೋಡಂಬಿ ಹಾಕಿದವರು ಸ್ವಲ್ಪ ತಾಳ್ಮೆ ಮಾಡಬೇಕು. ಬೇರೆ ಬೀಜಗಳಿಗಿಂತ ಗೋಡಂಬಿಯಲ್ಲಿ ಪಿಷ್ಟ ಹೆಚ್ಚು; ಸುರಿದ ಕೂಡಲೇ ತೆಳುವಾಗಿ ಕಂಡದ್ದು ನಾಲ್ಕೈದು ನಿಮಿಷ ಬಿಸಿಯಾದ ಮೇಲೆ ತಾನಾಗಿ ಮಂದವಾಗುತ್ತದೆ.

ಕಾಳು ಗಡಸಾಗಿದ್ದರೆ

ತೆನೆ ಬಲಿತಿದೆ. ಕೊಳ್ಳುವಾಗಲೇ ಸಿಪ್ಪೆ ಸರಿಸಿ ಒಂದು ಕಾಳಿಗೆ ಉಗುರು ಒತ್ತಿ ನೋಡಿ. ಬಿಳಿಯ ಹಾಲು ಚಿಮ್ಮಿದರೆ ಎಳೆಯದು. ಕಲಸಿದ ಹಿಟ್ಟಿನಂತೆ ಉಗುರಿಗೆ ಮೆತ್ತಿಕೊಂಡರೆ ಬಲಿತದ್ದು, ಅದನ್ನು ಹೋಳಾಗಿ ಬಳಸಬಾರದು, ತುರಿಯಬೇಕು. ಕೊಯ್ದ ನಂತರವೂ ಕಾಳಿನ ಸಕ್ಕರೆ ದಿನದಿಂದ ದಿನಕ್ಕೆ ಪಿಷ್ಟವಾಗುತ್ತ ಹೋಗುತ್ತದೆ. ಜನತಾ ಬಜಾರಿನಲ್ಲಿ ಬೆಳಿಗ್ಗೆ ಕೊಂಡ ತೆನೆಯನ್ನು ಅಂದೇ ಬಳಸಿ.

ನಾಲಿಗೆಗೆ ಮರಳು ಸಿಕ್ಕರೆ

ಗೋಡಂಬಿ ನೆನೆದಿಲ್ಲ, ಅಥವಾ ಒಮ್ಮೆಲೇ ಎಲ್ಲ ನೀರು ಸುರಿದು ರುಬ್ಬಿದ್ದೀರಿ. ಕುದಿಯುವ ನೀರಿನಲ್ಲಿ ಅರ್ಧ ಗಂಟೆ, ತಣ್ಣೀರಿನಲ್ಲಾದರೆ ನಾಲ್ಕು ಗಂಟೆ ನೆನೆಸಿ. ಚಟ್ನಿ ಪಾತ್ರೆಯಲ್ಲಿ ನಾಲ್ಕು ಚಮಚ ನೀರಿನೊಡನೆ ಗಟ್ಟಿಯಾಗಿ ನುಣ್ಣಗೆ ರುಬ್ಬಿ, ಆಮೇಲೆ ಉಳಿದ ನೀರು ಸೇರಿಸಿ. ದೊಡ್ಡ ಪಾತ್ರೆಯಲ್ಲಿ 60 ಗ್ರಾಂ ಗೋಡಂಬಿ ಅಲಗಿನ ಕೆಳಗೆ ಸೇರಿ ಸುಮ್ಮನೆ ಕುಳಿತಿರುತ್ತದೆ. ಈಗಾಗಲೇ ಬೆರೆಸಿದ್ದರೆ ರಸವನ್ನು ತೆಳು ಬಟ್ಟೆಯಲ್ಲಿ ಸೋಸುವುದೊಂದೇ ದಾರಿ.

ಶೇಂಗಾ ಹಾಕಿ ಕೆಟ್ಟದ್ದು

ಗದಗ, ಧಾರವಾಡದ ನಮಗೆ ಗೋಡಂಬಿಗಿಂತ ಶೇಂಗಾ ಹತ್ತಿರ, ಬೆಲೆಯೂ ಕಡಿಮೆ. ಶೇಂಗಾ ಹಾಲಿನಿಂದ ಒಳ್ಳೆಯ ಚೌಡರ್ ಆಗುತ್ತದೆ, ಆದರೆ ಎರಡು ಕಡೆ ಎಡವುತ್ತೇವೆ. ಹುರಿದ ಶೇಂಗಾ ಹಾಕಿದರೆ ಬೇರೆ ಎಲ್ಲ ರುಚಿಯನ್ನೂ ಅದೇ ನುಂಗಿ ಶೇಂಗಾ ಸಾರಾಗುತ್ತದೆ. ಆ ಪಾತ್ರೆಯನ್ನು ಚೌಡರ್ ಮಾಡಲು ಹೋಗಬೇಡಿ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟು ಅನ್ನಕ್ಕೆ ಬಡಿಸಿಬಿಡಿ. ಹಸಿ ಶೇಂಗಾ ನೇರವಾಗಿ ರುಬ್ಬಿದರೆ ಹಸಿ ಕಾಳಿನ ವಾಸನೆ ಉಳಿಯುತ್ತದೆ. ರಾತ್ರಿ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ಹತ್ತು ನಿಮಿಷ ಬೇರೆ ನೀರಿನಲ್ಲಿ ಕುದಿಸಿ ಆ ನೀರು ಚೆಲ್ಲಿ, ಆಮೇಲೆ ರುಬ್ಬಿ ಸೋಸಿದರೆ ವಾಸನೆ ಹೋಗುತ್ತದೆ. ಕಾಳಿನಿಂದ ಹಾಲು ಹಿಂಡುವುದು ನಮಗೆ ಹೊಸದೇನೂ ಅಲ್ಲ. ಕುಸುಬಿ ನೆನೆಸಿ ರುಬ್ಬಿ ಹಾಲು ತೆಗೆದು ಹುಗ್ಗಿ ಮಾಡಿದ ಕೈಗಳು ಈ ಸೀಮೆಯಲ್ಲಿ ಇನ್ನೂ ಇವೆ.

ಎಲ್ಲ ಸರಿಯಿದ್ದೂ ಸಪ್ಪೆ

ಇದು ಅತಿ ಸಾಮಾನ್ಯ ದೋಷ. ಮನಸ್ಸಿಗೆ ಬಂದದ್ದನ್ನೆಲ್ಲ ಸುರಿದು ಪಾತ್ರೆಯನ್ನು ಹಾಳುಮಾಡುವುದೂ ಇಲ್ಲಿಯೇ. ಮೂರು ಸಣ್ಣ ಬಟ್ಟಲು ತೆಗೆದುಕೊಳ್ಳಿ, ಪ್ರತಿಯೊಂದಕ್ಕೂ ಎರಡು ಚಮಚ ರಸ. ಮೊದಲನೆಯದಕ್ಕೆ ಚಿಟಿಕೆ ಉಪ್ಪು, ಎರಡನೆಯದಕ್ಕೆ ಎರಡು ಹನಿ ನಿಂಬೆರಸ, ಮೂರನೆಯದಕ್ಕೆ ಕಾಲು ಚಮಚ ಬಿಸಿ ಎಣ್ಣೆ. ಒಂದೊಂದಾಗಿ ರುಚಿ ನೋಡಿ, ನಡುವೆ ನೀರು ಕುಡಿಯಿರಿ. ಯಾವ ಬಟ್ಟಲು ನಾಲಿಗೆಯನ್ನು ಎಬ್ಬಿಸಿತೋ ಪಾತ್ರೆಗೆ ಬೇಕಾದದ್ದು ಅದೇ.

ಮೂರನೆಯ ಬಟ್ಟಲು ಗೆದ್ದರೆ ಜಿಡ್ಡಿನ ಕೆಲಸ ಖಾಲಿ ಉಳಿದಿದೆ. ಸಣ್ಣ ಕಡಾಯಿಯಲ್ಲಿ ಒಂದೂವರೆ ಚಮಚ ಎಣ್ಣೆ ಕಾಯಿಸಿ, ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗುವ ಮುಂಚೆಯೇ ಇಳಿಸಿ ಮೇಲೆ ಹಾಕಿ. ಮೂರೂ ಬಟ್ಟಲು ಸೋತರೆ, ತಪ್ಪು ಮೊದಲ ಹತ್ತು ನಿಮಿಷದಲ್ಲೇ ಆಗಿದೆ: ಈರುಳ್ಳಿಯನ್ನು ಸರಿಯಾಗಿ ಹುರಿದಿಲ್ಲ. ಹಾಲಿನ ಚೌಡರಿನಲ್ಲಿ ಅರೆ ಹುರಿದ ಈರುಳ್ಳಿ ನಡೆಯುತ್ತದೆ, ಬೆಣ್ಣೆ ಕಾಪಾಡುತ್ತದೆ. ಇಲ್ಲಿ ಕಾಪಾಡುವವರಿಲ್ಲ. ಈರುಳ್ಳಿಯನ್ನು ಚಿಟಿಕೆ ಉಪ್ಪಿನೊಡನೆ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ, ಅಂಚು ಹೊಂಬಣ್ಣಕ್ಕೆ ತಿರುಗಿ ಮನೆ ತುಂಬ ಸಿಹಿ ವಾಸನೆ ಹರಡುವವರೆಗೆ ಬಾಡಿಸಬೇಕು. ಮುಗಿದ ಪಾತ್ರೆಗೂ ಬೇರೆಯಾಗಿ ಹೀಗೆ ಒಂದು ಈರುಳ್ಳಿ ಹುರಿದು ಸೇರಿಸಬಹುದು. ಅಣಬೆ ಸಿಕ್ಕರೆ ಒಂದು ಹಿಡಿಯನ್ನು ನೀರು ಆರಿ ಕೆಂಪಾಗುವಷ್ಟು ಹುರಿದು ಹಾಕಿ, ರಸಕ್ಕೆ ಆಳ ಬರುತ್ತದೆ. ಸೆಲರಿ ಸಿಗದಿದ್ದರೆ ಕೊತ್ತಂಬರಿಯ ದಂಟನ್ನು ಸಣ್ಣಗೆ ಹೆಚ್ಚಿ ಈರುಳ್ಳಿಯ ಜೊತೆ ಬಾಡಿಸಿ.

ಹಳೆಯ ಚೌಡರಿಗೆ ಹಂದಿಮಾಂಸ ಕೊಡುತ್ತಿದ್ದ ಗಾಢತೆಗೆ ನಾನು ಕಂಡುಕೊಂಡ ಉತ್ತರ ಎರಡು. ಒಂದು ತೆನೆಯನ್ನು ನೇರ ಉರಿಯ ಮೇಲೆ ಅಲ್ಲಲ್ಲಿ ಕಪ್ಪಾಗುವಂತೆ ಸುಟ್ಟು ಕಾಳು ಬಿಡಿಸಿ ಹಾಕುವುದು. ಇನ್ನೊಂದು, ಎರಡು ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು, ಬಿಸಿ ನೀರಿನಲ್ಲಿ ನೆನೆಸಿ, ನುಣ್ಣಗೆ ರುಬ್ಬಿ ಎಣ್ಣೆಯಲ್ಲಿ ಹುರಿದು, ಬಟ್ಟಲಿನಲ್ಲಿ ಮೇಲಿನಿಂದ ಒಂದು ಸುತ್ತು ಬಿಡುವುದು. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಬಿಳಿಯ ರಸದ ಮೇಲೆ ಆ ಕೆಂಪು ಗೆರೆ ನೋಡಿಯೇ ಹಸಿವಾಗುತ್ತದೆ.

ಉಳಿದ ಸಣ್ಣಪುಟ್ಟವು

ತೀರ ಸಿಹಿಯಾಗಿದ್ದರೆ ತೆನೆ, ಗಜ್ಜರಿ, ತೆಂಗಿನ ಹಾಲು ಮೂರೂ ಒಟ್ಟಿಗೆ ಬಿದ್ದಿವೆ, ಇಲ್ಲವೇ ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟಿದ್ದೀರಿ. ಚಳಿಗೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಕಾಳುಮೆಣಸು ಮತ್ತು ನಿಂಬೆ ಸ್ವಲ್ಪ ಹೆಚ್ಚಿಸಿ. ಕಹಿ ಬಂದಿದ್ದರೆ ಬೆಳ್ಳುಳ್ಳಿ ಸೀದಿದೆ, ಇದಕ್ಕೆ ಮದ್ದಿಲ್ಲ. ರಸ ಬೂದು ಬಣ್ಣಕ್ಕೆ ತಿರುಗಿದ್ದರೆ ಕಬ್ಬಿಣದ ಪಾತ್ರೆಯಲ್ಲಿ ಮಾಡಿರಬೇಕು. ಆಲೂಗಡ್ಡೆಯಲ್ಲಿರುವ ಆಮ್ಲವೊಂದು ಕಬ್ಬಿಣದೊಡನೆ ಸೇರಿ ಕಪ್ಪಾಗುತ್ತದೆ, ತಿನ್ನಲು ಅಪಾಯವಿಲ್ಲ, ಸ್ಟೀಲ್ ಪಾತ್ರೆಗೆ ಬದಲಾಯಿಸಿ. ಕೋಸಿನ ಗಬ್ಬು ವಾಸನೆ ಬಂದರೆ ಹೂಕೋಸನ್ನು ಮೊದಲೇ ಹಾಕಿದ್ದೀರಿ, ಅದು ಕೊನೆಯ ಏಳೆಂಟು ನಿಮಿಷಕ್ಕೆ ಸಾಕು.

ತಳ ಹಿಡಿದಾಗ ಸೌಟಿನಿಂದ ಕೆರೆಯಬೇಡಿ. ಒಲೆ ಆರಿಸಿ, ಮೇಲಿನದನ್ನು ಅಲ್ಲಾಡಿಸದೆ ಬೇರೆ ಪಾತ್ರೆಗೆ ಬಗ್ಗಿಸಿ, ತಳದ ಪದರವನ್ನು ಅಲ್ಲಿಯೇ ಬಿಡಿ. ಗೋಡಂಬಿ ಹಾಲು ಸೇರಿಸಿದ ಮೇಲೆ ಕುಕ್ಕರ್ ಮುಚ್ಚಿ ಸೀಟಿ ಹೊಡೆಸುವವರಿಗೆ ಇದು ತಪ್ಪಿದ್ದಲ್ಲ. ಕುಕ್ಕರ್ ಬಳಸುವುದಾದರೆ ತರಕಾರಿಯವರೆಗೆ ಮಾತ್ರ, ಒಂದೇ ಸೀಟಿ.

ತಿಳಿಯದೆ ಹಾಲು ನುಸುಳಿದ್ದರೆ

ರುಚಿಯಲ್ಲಿ ಕಾಣದ, ಆದರೆ ವೀಗನ್ ಅತಿಥಿಗೆ ಎಲ್ಲಕ್ಕಿಂತ ದೊಡ್ಡ ದೋಷ ಇದು. ಸಿದ್ಧ ಸೂಪ್ ಪುಡಿಗಳಲ್ಲಿ ಹಾಲಿನ ಪುಡಿ ಇರುವುದು ಸಾಮಾನ್ಯ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದಿ. ಹಸಿರು ಚುಕ್ಕೆ ಇದ್ದರೆ ಸಾಲದು, ಅದು ಸಸ್ಯಾಹಾರಿ ಎಂದಷ್ಟೇ ಹೇಳುತ್ತದೆ, ಹಾಲು ಅದರೊಳಗೆ ಬರುತ್ತದೆ. ಪಾವು, ಬ್ರೆಡ್ಡುಗಳಲ್ಲೂ ಹಾಲು ಅಥವಾ ಬೆಣ್ಣೆ ಇರಬಹುದು. ನಮ್ಮ ಮನೆಯಲ್ಲಿ ಒಗ್ಗರಣೆಯ ಸಣ್ಣ ಕಡಾಯಿಯ ಅಂಚಿಗೆ ಹಿಂದಿನ ದಿನದ ತುಪ್ಪ ಅಂಟಿತ್ತು; ಹುಡುಗಿ ಏನೂ ಅನ್ನದೆ ಬಟ್ಟಲು ಕೆಳಗಿಟ್ಟಳು. ಅಂದಿನಿಂದ ಅವಳಿಗಾಗಿ ಒಂದು ಕಡಾಯಿ, ಒಂದು ಸೌಟು ಬೇರೆಯೇ ಇಟ್ಟಿದ್ದೇನೆ. ಪಕ್ಕಕ್ಕೆ ಜೋಳದ ರೊಟ್ಟಿ ಇಟ್ಟರೆ ಚಿಂತೆಯಿಲ್ಲ, ಹಿಟ್ಟು ಮತ್ತು ನೀರು ಬಿಟ್ಟರೆ ಅದರಲ್ಲಿ ಬೇರೇನಿದೆ.

ಮರುದಿನ ಮುದ್ದೆಯಾಗಿದ್ದರೆ

ಅದು ಕೆಟ್ಟಿಲ್ಲ. ತಣ್ಣಗಾದಾಗ ಪಿಷ್ಟ ಬಿಗಿಯಾಗುವುದು ಸಹಜ. ಕಾಲು ಬಟ್ಟಲಿನಷ್ಟು ಬಿಸಿ ನೀರು ಬೆರೆಸುತ್ತ ಸಣ್ಣ ಉರಿಯಲ್ಲಿ, ಕಡಗೋಲಿನಿಂದ ಮೆಲ್ಲಗೆ ತಿರುವುತ್ತ ಬಿಸಿ ಮಾಡಿ. ನೀರು ಕೂಡಿದ್ದರಿಂದ ಉಪ್ಪನ್ನು ಮತ್ತೆ ನೋಡಿ. ಬೇಸಿಗೆಯಲ್ಲಿ, ಅದರಲ್ಲೂ ತೆಂಗಿನ ಹಾಲು ಹಾಕಿದ್ದರೆ, ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಬೇಗ ಆರಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಎರಡು ದಿನದೊಳಗೆ ಮುಗಿಸಿ. ಫ್ರೀಜರಿಗೆ ಹಾಕಬೇಡಿ, ಕರಗಿದ ಮೇಲೆ ಆಲೂಗಡ್ಡೆಯ ಹೋಳು ಸ್ಪಂಜಿನಂತೆ ನೀರು ಬಿಡುತ್ತದೆ. ಬುರುಗು ಎದ್ದಿದ್ದರೆ ಅಥವಾ ಹುಳಿ ವಾಸನೆ ಇದ್ದರೆ ರುಚಿ ಕೂಡ ನೋಡದೆ ಚೆಲ್ಲಿಬಿಡಿ.